ಇನ್ನೂರ ಹದಿನೇಳನೇ ನಂಬರಿನ ಅಕ್ಷರಗಳು

ಮಿಲ್ವಾಕಿ, ವಿಸ್ಕಾನ್ಸಿನ್
ನವೆಂಬರ್ ೯, ೧೯೯೨, ಸೋಮವಾರ

ಮಾನ್ಯ ಮಿಸೆಸ್ ಕಾಡ್ಲೆಕ್ ಅವರಿಗೆ,

ಬೆಳಗಿನ ಜಾವ ಮೂರೂ ಇಪ್ಪತ್ತು. ಹೀಟರಿನ ಕೊಳವೆಯೊಳಗೆ ಆವಿ ನುಗ್ಗಿ ಟಣ್ ಟಣ್ ಟಣ್ ಎಂದು ಮೂರು ಸಲ ಬಡಿಯಿತು, ಎಚ್ಚರವಾಯಿತು. ಮಗು ಏಳಲಿಲ್ಲ. ಎಂಟು ತಿಂಗಳ ಲೀವ್, ಕಿಟಕಿಯ ಕೆಳಗೆ ಲಾರಿ ಹೋದರೂ ಏಳುವವಳಲ್ಲ. ನಾನು ಮಗ್ಗುಲು ಬದಲಿಸಿದರೆ ಏಳುತ್ತಾಳೆ. ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿ ಬಂದೆ. ಇನ್ನು ನಿದ್ದೆ ಬರುವುದಿಲ್ಲವೆಂದು ಗೊತ್ತು. ಅಡುಗೆಮನೆಯ ಮೇಜಿಗೆ ಕೂತು ನಿಮಗೆ ಬರೆಯುತ್ತಿದ್ದೇನೆ.

ನಾನು ಮಾರೆನ್ ಟೊಲೆಫ್ಸನ್. ಹೋದ ತಿಂಗಳು ನಿಮ್ಮ ನೆಶೋಟ ಪಾಯಿಂಟಿಗೆ ಬಂದು, ಚರ್ಚಿನ ನೆಲಮಾಳಿಗೆಯಲ್ಲಿ ಗೋಡೆಗೆ ಅಂಟಿಸಿದ್ದ ಕುಣಿತದ ಪೋಸ್ಟರುಗಳ ಮುಂದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಒಂದು ಗಂಟೆ ನಿಂತಿದ್ದವಳು. "ಕುಣಿಯೋಕೆ ಬಂದ್ಯೇನಮ್ಮಾ? ಕುಣಿತಕ್ಕೆ ಇನ್ನೂ ನಾಲ್ಕು ತಿಂಗಳಿದೆ" ಎಂದು ನೀವು ಕೇಳಿದಿರಿ. ನಾನು ಅಕ್ಷರ ನೋಡುತ್ತಿದ್ದೇನೆ ಎಂದೆ. ನೀವು ಬೇರೆ ಏನೂ ಕೇಳದೆ ಮುದ್ರಣಯಂತ್ರದ ಕೆಳಗಿನಿಂದ ಅಚ್ಚಿನ ಅಕ್ಷರಗಳ ಪೆಟ್ಟಿಗೆಯನ್ನೆಳೆದು, "ತಗೊಂಡು ಹೋಗು, ಜನವರಿಗೆ ವಾಪಸ್ ತಾ" ಎಂದು ಕೊಟ್ಟುಬಿಟ್ಟಿರಿ. ಹೆಸರನ್ನೂ ಕೇಳಲಿಲ್ಲ. ದಾರಿಯುದ್ದಕ್ಕೂ ನನಗೆ ಭಯ, ಯಾರಾದರೂ ಬಸ್ಸು ನಿಲ್ಲಿಸಿ ಇದೆಲ್ಲಿಂದ ಕದ್ದೆ ಎಂದು ಕೇಳುತ್ತಾರೇನೋ ಅಂತ.

ಅಕ್ಷರಗಳನ್ನು ಒಂದೊಂದಾಗಿ ತೆಳು ಕಾಗದದ ಕೆಳಗಿಟ್ಟು ಪೆನ್ಸಿಲಿನಿಂದ ಅಂಚು ತೆಗೆಯುತ್ತಿದ್ದೇನೆ. ನಾಲ್ಕಂಗುಲ ಎತ್ತರದ ಮೇಪಲ್ ಮರದ ಅಕ್ಷರ, ಪಾದಗಳು ಮೀನಿನ ಬಾಲದ ಹಾಗೆ ಎರಡಾಗಿ ಸೀಳಿ ಹೊರಕ್ಕೆ ಸುರುಳಿಗೊಂಡಿವೆ, ಪ್ರತಿ ಕಂಬದ ನಡುವೆ ಒಂದು ಉಬ್ಬಿದ ಮುತ್ತು. ಕಾಲೇಜಿನಲ್ಲಿ ಇಂಥ ಅಲಂಕಾರದ ಅಕ್ಷರಗಳನ್ನು ನಮ್ಮ ಮೇಷ್ಟರು "ಸರ್ಕಸ್ಸಿನ ಪಡೆ" ಎಂದು ನಗುತ್ತಿದ್ದರು. ಹತ್ತಿರದಿಂದ ನೋಡಿದರೆ ನಗು ಬರುವುದಿಲ್ಲ. ಇವನ್ನು ಕಂಪ್ಯೂಟರಿಗೆ ತಂದು, ಪೋಸ್ಟರು ಮಾಡುವ ಯಾರು ಬೇಕಾದರೂ ಬಳಸುವ ಹಾಗೆ ಮಾಡಬೇಕೆಂಬುದು ನನ್ನ ಆಸೆ. ಒಂದು ಪ್ರಶ್ನೆ: ಪೆಟ್ಟಿಗೆಯಲ್ಲಿ ನಾಲ್ಕು ಇ ಅಕ್ಷರಗಳಿವೆ, ನಾಲ್ಕರ ಒಳಮೂಲೆಗಳೂ ಕೂದಲಷ್ಟು ಬೇರೆ ಬೇರೆ. ಯಾವುದು ಸರಿಯಾದದ್ದು?

ವಂದನೆಗಳು,
ಮಾರೆನ್ ಟೊಲೆಫ್ಸನ್


ನೆಶೋಟ ಪಾಯಿಂಟ್
ನವೆಂಬರ್ ೧೬, ೧೯೯೨

ಮಾರೆನ್,

ಮಿಸೆಸ್ ಕಾಡ್ಲೆಕ್ ಅಂದರೆ ನನ್ನ ಅತ್ತೆ, ಆಯಮ್ಮ ತೀರಿಕೊಂಡು ಮೂವತ್ತು ವರ್ಷವಾಯಿತು. ಇಲ್ಲಿ ಎಲ್ಲರೂ ನನ್ನನ್ನು ತೇತಾ ಎನ್ನುತ್ತಾರೆ, ನಮ್ಮ ಚೆಕ್ ಮಾತಿನಲ್ಲಿ ಚಿಕ್ಕಮ್ಮ ಅಂತ. ನೀನೂ ಹಾಗೇ ಅನ್ನು.

ನಿನ್ನ ಹೆಸರು ಕೇಳಲಿಲ್ಲ ನಿಜ. ಆದರೆ ನೀನು ಎಂ ಅಕ್ಷರವನ್ನು ಎತ್ತಿಕೊಂಡಾಗ ಅದರ ಮುಖವನ್ನು ಮುಟ್ಟದೆ ಎರಡು ಪಕ್ಕ ಹಿಡಿದೆ. ಇನ್ನೇನು ಕೇಳುವುದಿತ್ತು?

ನಿನ್ನ ಪ್ರಶ್ನೆಗೆ ಉತ್ತರ, ನಾಲ್ಕೂ ಸರಿ. ಇವನ್ನು ಮಾಡುತ್ತಿದ್ದ ನಮ್ಮೂರಿನ ಕಾರ್ಖಾನೆಯಲ್ಲಿ ಪ್ಯಾಂಟೋಗ್ರಾಫ್ ಅಂತ ಯಂತ್ರವಿತ್ತು. ಒಂದು ತೋಳು ದೊಡ್ಡ ಮಾದರಿಯ ಅಂಚನ್ನು ಸವರುತ್ತದೆ, ಇನ್ನೊಂದು ತೋಳು ಮರದ ಬಿಲ್ಲೆಯಲ್ಲಿ ಅದನ್ನೇ ಚಿಕ್ಕದಾಗಿ ಕೊರೆಯುತ್ತದೆ. ಕೊರೆಯುವ ಮೊಳೆ ತಿರುಗುವಂಥದ್ದು, ಹಾಗಾಗಿ ಒಳಮೂಲೆಗಳೆಲ್ಲ ಗುಂಡಗೆ ಉಳಿಯುತ್ತವೆ. ಅವನ್ನು ಚಾಕುವಿನಲ್ಲಿ ಚೂಪಾಗಿ ತೆಗೆಯುವುದು ನಮ್ಮ ಹೆಂಗಸರ ಕೆಲಸ. ಮೂವತ್ತೊಂದು ವರ್ಷ ಮಾಡಿದೆ. ಎಮೆಟ್ ರೂಲೋ ಅಂತ ಯಂತ್ರ ಓಡಿಸುವವನೊಬ್ಬನಿದ್ದ, ಈಗಲೂ ಇದ್ದಾನೆ, ಎದುರು ಬೀದಿಯಲ್ಲಿ. "ಅಕ್ಷರ ಮಾಡೋದು ನಾನು, ನೀವು ಬರೀ ಉಗುರು ಕತ್ತರಿಸೋರು" ಎನ್ನುತ್ತಿದ್ದ. "ನಾವು ಉಗುರು ಕತ್ತರಿಸದೆ ನಿನ್ನ ಅಕ್ಷರ ಹೆಣ್ಣು ನೋಡೋಕೆ ಹೋದ್ರೆ ಹುಡುಗಿ ಹಿತ್ತಲ ಬಾಗಿಲಿಂದ ಓಡಿಹೋಗ್ತಾಳೆ" ಎನ್ನುತ್ತಿದ್ದೆ ನಾನು. ನೀನು ಸೆರಿಫ್ ಎನ್ನುತ್ತೀಯೋ ಏನೋ, ನಾವು ಪಾದ ಎನ್ನುತ್ತಿದ್ದೆವು. ನಿನ್ನ ಹತ್ತಿರವಿರುವುದು ಕಾರ್ಖಾನೆಯ ಪಟ್ಟಿಯಲ್ಲಿ ಇನ್ನೂರ ಹದಿನೇಳನೇ ನಂಬರು, ಅದರ ಒಂದೊಂದು ಪಾದಕ್ಕೆ ಆರು ಮೂಲೆ. ಹುಡುಗಿಯರು ಆ ನಂಬರು ಬಂತೆಂದರೆ ತಲೆನೋವು ಎಂದು ರಜೆ ಹಾಕುತ್ತಿದ್ದರು.

ಆ ಪೆಟ್ಟಿಗೆಯಲ್ಲಿರುವ ಪ್ರತಿ ಮೂಲೆಯೂ ನನ್ನ ಕೈಯದು, ೧೯೫೭ರದು. ಆ ನಂಬರಿನದು ಇನ್ನೊಂದು ಪೂರ್ತಿ ಸೆಟ್ಟು ಎಲ್ಲೂ ಇಲ್ಲ. ಅಂದಿನಿಂದ ಪ್ರತಿ ವರ್ಷ ನಮ್ಮ ಮಾಸೊಪುಸ್ತ್ ಕುಣಿತದ ಪೋಸ್ಟರು ಅದರಲ್ಲೇ ಅಚ್ಚಾಗುತ್ತದೆ. ಉಪವಾಸದ ದಿನಗಳು ಶುರುವಾಗುವ ಮುಂಚೆ ಊರಿಗೂರೇ ತಿಂದು ಕುಣಿದು ಮುಗಿಸುವ ರಾತ್ರಿ ಅದು. ಈ ಸಲ ಫೆಬ್ರವರಿ ಇಪ್ಪತ್ತು. ಕುಣಿತದ ಸಮಿತಿಯ ಹೊಸ ಗಂಡಸರು "ತೇತಾ, ಈ ವರ್ಷ ಗ್ರೀನ್ ಬೇಯಲ್ಲಿ ಜೆರಾಕ್ಸ್ ಮಾಡಿಸಿಬಿಡೋಣ, ಆ ಯಂತ್ರ ಇರೋ ಜಾಗದಲ್ಲಿ ಕುರ್ಚಿ ಜೋಡಿಸ್ಬೋದು" ಎನ್ನುತ್ತಿದ್ದಾರೆ. ಫೆಬ್ರವರಿ ಒಂದಕ್ಕೆ ಪೋಸ್ಟರು ಗೋಡೆಯ ಮೇಲಿರುತ್ತದೆ, ಇಲ್ಲದಿದ್ದರೆ ಯಂತ್ರ ತೆಗೆಯಿರಿ ಎಂದು ಹೇಳಿಬಿಟ್ಟಿದ್ದೇನೆ. ಆದ್ದರಿಂದ ಜನವರಿ ಇಪ್ಪತ್ತರೊಳಗೆ ಪೆಟ್ಟಿಗೆ ಕಳಿಸು.

ಮತ್ತೆ, ಕರೆಂಟು ಹೋದಾಗ ನಿನ್ನ ಕಂಪ್ಯೂಟರಿನ ಅಕ್ಷರಗಳು ಎಲ್ಲಿರುತ್ತವೆ? ಸುಮ್ಮನೆ ಕೇಳಿದೆ.

ಮಗುವಿಗೆ ಮುತ್ತು. ರಾತ್ರಿ ನಿದ್ದೆ ಮಾಡು.

ತೇತಾ ವ್ಲಾಸ್ತಾ


(ಅಂಚೆಗೆ ಹಾಕಲಿಲ್ಲ)

ಡಿಸೆಂಬರ್ ೨, ೧೯೯೨, ಬುಧವಾರ

ಪ್ರೀತಿಯ ತೇತಾ,

ಇದನ್ನು ನಿಮಗೆ ಹೇಗೆ ಹೇಳಲಿ?

ಭಾನುವಾರ ಮಧ್ಯಾಹ್ನ ನಾನು ಡಿ ಅಕ್ಷರದ ಅಂಚನ್ನು ಮತ್ತೊಮ್ಮೆ ಪರೀಕ್ಷಿಸುತ್ತಿದ್ದೆ, ಕಣ್ಣು ಎಳೆಯಿತು, ಕೂತಲ್ಲೇ ಒಂದು ಕ್ಷಣ ಮುಚ್ಚಿದೆ. ತೆರೆದಾಗ ಲೀವ್ ನೆಲದ ಮೇಲೆ ಪೆಟ್ಟಿಗೆಯ ಪಕ್ಕ ಕೂತು ಒಂದು ಓ ಅಕ್ಷರವನ್ನು ಎರಡೂ ಕೈಯಲ್ಲಿ ಹಿಡಿದು ವಸಡಿಗೆ ತಿಕ್ಕಿಕೊಳ್ಳುತ್ತಿದ್ದಳು. ತುಟಿ, ಗಲ್ಲ, ನಾಲಿಗೆ ಎಲ್ಲ ಕಪ್ಪು. ಮೂವತ್ತೈದು ವರ್ಷದ ಶಾಯಿ. ಆಸ್ಪತ್ರೆಗೆ ಫೋನ್ ಮಾಡಿದೆ. ಅತ್ತಲಿನ ನರ್ಸು "ಮಗು ನಗ್ತಿದೆಯಾ?" ಎಂದು ಕೇಳಿದಳು. ನಗುತ್ತಿದೆ ಎಂದೆ. "ಹಾಗಾದ್ರೆ ನೀವೂ ಸ್ವಲ್ಪ ಉಸಿರಾಡಿ" ಎಂದಳು. ಮಗುವಿಗೆ ಏನೂ ಆಗಲಿಲ್ಲ.

ನನಗೆ ಆಯಿತು. ಸಂಜೆ ನನ್ನ ಗಂಡ ಡ್ವೇನ್ ಕೆಲಸಕ್ಕೆ ಹೋದ ಮೇಲೆ ಅಷ್ಟೂ ಅಕ್ಷರಗಳನ್ನು ಅಡುಗೆಮನೆಯ ತೊಟ್ಟಿಗೆ ಸುರಿದು, ಬಿಸಿನೀರು ಬಿಟ್ಟು, ಸೋಪು ಹಾಕಿ, ಬ್ರಷ್ಷಿನಲ್ಲಿ ಉಜ್ಜಿದೆ. ಹಾಲಿನ ಬಾಟಲಿ ತೊಳೆಯುವ ಬ್ರಷ್ಷು. ನೀರು ನಾಲ್ಕು ಸಲ ಕಪ್ಪಾಯಿತು, ಐದನೇ ಸಲ ತಿಳಿಯಾಯಿತು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಅಲ್ಲೇ ನಿಂತು ಸ್ವಲ್ಪ ಅತ್ತೆ. ಆಮೇಲೆ ಎಲ್ಲವನ್ನೂ ಟವೆಲಿನಲ್ಲಿ ಒರಸಿ ಬಿಸಿ ಹೀಟರಿನ ಮೇಲೆ ಸಾಲಾಗಿ ಇಟ್ಟು ಮಲಗಿದೆ. ತಿಂಗಳುಗಳ ನಂತರ ಆರು ಗಂಟೆ ನಿದ್ದೆ ಮಾಡಿದೆ.

ಬೆಳಿಗ್ಗೆ ಮೇಜಿನ ಮೇಲಿಟ್ಟರೆ ಅವು ಓಲಾಡುತ್ತಿವೆ. ಒಂದೂ ಚಪ್ಪಟೆಯಾಗಿ ಕೂರುವುದಿಲ್ಲ. ಎಂ ಅಕ್ಷರದ ನಡುವೆ ಒಂದು ಗೆರೆ ಕಾಣಿಸಿದೆ, ಉಗುರು ಹೋಗುವಷ್ಟು. ಇನ್ನೆರಡರಲ್ಲೂ ಅಂಥದೇ ಗೆರೆ. ಗ್ರಂಥಾಲಯದಿಂದ ಪುಸ್ತಕ ತಂದು ಓದಿದೆ. ಅಡ್ಡ ಕೊಯ್ದ ಮರ, ನೀರನ್ನು ಬತ್ತಿಯ ಹಾಗೆ ಹೀರುತ್ತದೆ, ಸೀಮೆಎಣ್ಣೆಯಲ್ಲಲ್ಲದೆ ತೊಳೆಯಬಾರದು ಎಂದಿದೆ. ಎರಡು ಸಾಲು. ಅಷ್ಟು ಓದಿಕೊಂಡಿದ್ದರೆ ಸಾಕಿತ್ತು.

ನಿಮ್ಮ ಮೂವತ್ತೊಂದು ವರ್ಷವನ್ನು ನಾನು ಬಾಟಲಿ ಬ್ರಷ್ಷಿನಲ್ಲಿ


ಮಿಲ್ವಾಕಿ
ಡಿಸೆಂಬರ್ ೩, ೧೯೯೨

ಪ್ರೀತಿಯ ತೇತಾ,

ಇಲ್ಲಿ ಎಲ್ಲ ಸೌಖ್ಯ. ಲೀವ್‌ಗೆ ಕೆಳಗಿನ ಎರಡು ಹಲ್ಲು ಬಂದಿವೆ. ಇಪ್ಪತ್ತಾರು ಅಕ್ಷರಗಳ ಅಂಚು ತೆಗೆಯುವ ಕೆಲಸ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚೆಯೇ ಮುಗಿಯಿತು, ಮತ್ತೆ ಪರೀಕ್ಷಿಸುತ್ತಿದ್ದೇನೆ, ಈಗ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದೇನೆ. ಅಕ್ಷರಗಳು ಕಪಾಟಿನಲ್ಲಿ ಭದ್ರವಾಗಿವೆ. ಚಮಚದ ಬೆನ್ನಿನಿಂದ ಒತ್ತಿ ತೆಗೆದ ಕೆಲವು ಅಚ್ಚುಗಳನ್ನು ಇದರೊಂದಿಗೆ ಇಟ್ಟಿದ್ದೇನೆ, ನೋಡಿ ಹೇಳಿ.

ಮಾರೆನ್


ನೆಶೋಟ ಪಾಯಿಂಟ್
ಡಿಸೆಂಬರ್ ೧೦, ೧೯೯೨

ಮಾರೆನ್ ಮಗಳೇ,

ಅಚ್ಚು ನೋಡಿದೆ. ಇ ಅಕ್ಷರದ ನಡುಗೀಟು ತೆಳುವಾಗಿ ಬಿದ್ದಿದೆ, ಎರಡು ತುದಿ ದಪ್ಪ. ಎಂ ಅಕ್ಷರದಲ್ಲಿ ನಡುವೆ ಕೂದಲಿನಂಥ ಬಿಳಿ ಗೆರೆ. ಯಾಕೆ ಹಾಗಾಯಿತು? ನಿನ್ನ ಕಪಾಟು ಎಲ್ಲಿದೆ, ಹೊರಗೋಡೆಗಾ, ಹೀಟರಿನ ಪಕ್ಕವಾ?

ಒಂದು ಹಳೆಯ ಸಂಗತಿ ನೆನಪಾಯಿತು. ೧೯೪೯ರಲ್ಲಿ ಡೊರೀನ್ ಅಂತ ಹೊಸ ಹುಡುಗಿ ನನ್ನ ಪಕ್ಕದ ಬೆಂಚಿಗೆ ಬಂದಳು. ಸಂಜೆ ಸೋರುವ ಕಿಟಕಿಯ ಕೆಳಗೆ ಅಕ್ಷರದ ತಟ್ಟೆ ಬಿಟ್ಟು ಹೋದಳು. ಬೆಳಿಗ್ಗೆ ನೋಡಿದರೆ ತೋಯ್ದು ತೊಪ್ಪೆ. ಯಾರಿಗೂ ಹೇಳದೆ ಒಲೆಯ ಹಿಂದೆ ಒಣಗಿಸಿಟ್ಟಳು. ಮೂರು ದಿನವಾದ ಮೇಲೆ ಮೇಸ್ತ್ರಿಗೆ ಗೊತ್ತಾಯಿತು. ಅವನು ಒಳ್ಳೆಯವನು. "ಒದ್ದೆ ಆಗಿದ್ದಕ್ಕೆ ಬೈತಿಲ್ಲ ಕಣಮ್ಮ, ಮೊದಲ ದಿನಾನೇ ಹೇಳಿದ್ರೆ ಹಸಿ ಮರದ ಪುಡಿಯಲ್ಲಿ ಹೂತಿಟ್ಟು ತಿಂಗಳುಗಟ್ಟಲೆ ಮೆಲ್ಲಗೆ ಆರಿಸ್ತಿದ್ವಿ, ಒಂದೂ ಸೀಳ್ತಿರ್ಲಿಲ್ಲ" ಎಂದ.

ಯಾಕೆ ಇದನ್ನು ಬರೆದೆನೋ. ಚಳಿಗಾಲದಲ್ಲಿ ಹಳೆಯದೆಲ್ಲ ನೆನಪಾಗುತ್ತದೆ. ಮಗುವಿಗೆ ಒಂದು ಜೊತೆ ಕಾಲುಚೀಲ ಹೆಣೆಯಲು ಶುರು ಮಾಡಿದ್ದೇನೆ, ಒಂದು ಮುಗಿದಿದೆ. ಎರಡನೆಯದು ಯಾಕೋ ಮುಂದೆ ಹೋಗುತ್ತಿಲ್ಲ.

ಬೇಗ ಬರಿ. ಏನಿದ್ದರೂ ಬರಿ.

ತೇತಾ


ಮಿಲ್ವಾಕಿ
ಡಿಸೆಂಬರ್ ೧೪, ೧೯೯೨

ಪ್ರೀತಿಯ ತೇತಾ,

ಅಚ್ಚು ಸರಿಯಾಗಿ ಬರದಿದ್ದಕ್ಕೆ ಕಾರಣ ಚಮಚ. ನಾನು ಅಚ್ಚು ಹಾಕುವವಳಲ್ಲ. ನಡುಗೀಟು ತೆಳು ಎಂದಿರಿ, ನನ್ನ ಕೆಲಸವೇ ತೆಳು ಎಂದು ಹೇಳುತ್ತಿದ್ದೀರೇನೋ ಎಂದು ಎರಡು ದಿನ ಯೋಚಿಸಿದೆ. ಕಾಲೇಜಿನಲ್ಲಿ ಕಲಿತವರ ಕೈಗೆ ಮರದ ಗುಣ ತಿಳಿಯುವುದಿಲ್ಲ ಎಂಬುದು ಇರಬಹುದು. ಆದರೆ ಬಿಡಿಸಿದ ಅಕ್ಷರಗಳು ಕೂದಲೆಳೆಯಷ್ಟೂ ತಪ್ಪಿಲ್ಲ, ಪ್ರತಿ ಮೂಲೆಯನ್ನೂ ಭೂತಗನ್ನಡಿಯಲ್ಲಿ ಅಳೆದಿದ್ದೇನೆ.

ಆ ಡೊರೀನ್ ಎಂಬ ಹುಡುಗಿಯನ್ನು ಕೆಲಸದಿಂದ ತೆಗೆದರೇ? ಅದನ್ನು ನೀವು ಬರೆಯಲಿಲ್ಲ.

ಹಬ್ಬದ ಶುಭಾಶಯಗಳು.

ಮಾರೆನ್


ನೆಶೋಟ ಪಾಯಿಂಟ್
ಜನವರಿ ೧೧, ೧೯೯೩

(ಟೈಪ್ ಮಾಡಿದ್ದು)

ಮಾರೆನ್,

ಪೆಟ್ಟಿಗೆ ಬಸ್ಸಿನ ಪಾರ್ಸೆಲ್ಲಿಗೆ ಹಾಕು. ಇಪ್ಪತ್ತರೊಳಗೆ ಬೇಕು. ಸಮಿತಿ ಕೇಳುತ್ತಿದೆ.

ವ್ಲಾಸ್ತಾ ಕಾಡ್ಲೆಕ್


ಮಿಲ್ವಾಕಿ
ಜನವರಿ ೧೩, ೧೯೯೩, ಬುಧವಾರ

ತೇತಾ,

ಪೆಟ್ಟಿಗೆ ಈ ಪತ್ರದ ಜೊತೆಗೇ ಬರುತ್ತಿದೆ. ಅದನ್ನು ತೆರೆಯುವ ಮುಂಚೆ ಇದನ್ನು ಓದಿ.

ಅಕ್ಷರಗಳನ್ನು ನಾನು ನೀರಿನಲ್ಲಿ ತೊಳೆದೆ. ನವೆಂಬರ್ ಇಪ್ಪತ್ತೊಂಬತ್ತರ ಸಂಜೆ. ಮಗು ಒಂದನ್ನು ಬಾಯಿಗಿಟ್ಟುಕೊಂಡಿತ್ತು, ನನಗೆ ಹುಚ್ಚು ಹಿಡಿದಂತಾಯಿತು. ಬಿಸಿನೀರು, ಸೋಪು, ಆಮೇಲೆ ಹೀಟರಿನ ಮೇಲೆ. ಮೂರು ದಿನವಾದ ಮೇಲೆ ನಿಮಗೆ ಬರೆಯಲು ಕೂತು ಒಂದು ಪುಟ ಬರೆದೆ, ಕಳಿಸಲಿಲ್ಲ. ಕಳಿಸಿದ್ದು ಇನ್ನೊಂದನ್ನು. ಅದರಲ್ಲಿ ಭದ್ರವಾಗಿವೆ ಎಂಬುದು ಸುಳ್ಳು.

ಇದಕ್ಕಿಂತ ಕೆಟ್ಟದ್ದು ಇದೆ. ನಿಮ್ಮ ಡೊರೀನ್ ಪತ್ರ ಬಂದ ದಿನ ಮೂರೇ ಅಕ್ಷರ ಸೀಳಿದ್ದವು. ಹಸಿ ಮರದ ಪುಡಿಯ ಮಾತು ನೀವು ಬರೆದಿದ್ದಿರಿ. ಓದಿದೆ. ಮಾಡಬಹುದಾಗಿತ್ತು. ಆದರೆ ಮಾಡಿದರೆ ಒಪ್ಪಿಕೊಂಡಂತೆ ಎಂದು, ನೀವು ನನ್ನ ಚಿತ್ರಗಳನ್ನು ಹೀಯಾಳಿಸುತ್ತಿದ್ದೀರೆಂದು ನನಗೆ ನಾನೇ ಹೇಳಿಕೊಂಡು, ಕಪಾಟಿನ ಬಾಗಿಲು ಹಾಕಿಟ್ಟೆ. ಆ ತಿಂಗಳಲ್ಲಿ ಒಂದೊಂದಾಗಿ ಇನ್ನೂ ನಾಲ್ಕು ಸೀಳಿದವು. ಕಪಾಟಿನೊಳಗಿಂದ ಸದ್ದು ಕೇಳುತ್ತಿತ್ತು, ಕಡ್ಡಿ ಮುರಿದ ಹಾಗೆ. ಮೊದಲ ಮೂರು ನನ್ನ ಅಜ್ಞಾನ. ಉಳಿದ ನಾಲ್ಕು ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ.

ನೀವು ಈ ಸಲ ಟೈಪ್ ಮಾಡಿ ಕಳಿಸಿದಿರಿ. ನನಗೆ ಕೈಬರಹದಲ್ಲಿ ಬರೆಯಲೂ ನಿಮಗೆ ಮನಸ್ಸಿಲ್ಲವೆಂದು ಅರ್ಥವಾಯಿತು. ಅದು ನ್ಯಾಯವೇ.

ಮಾರೆನ್


ನೆಶೋಟ ಪಾಯಿಂಟ್
ಜನವರಿ ೨೪, ೧೯೯೩

(ಟೈಪ್ ಮಾಡಿದ್ದು)

ಮಾರೆನ್,

ಪೆಟ್ಟಿಗೆ ಬಂತು. ಮೇಜಿನ ಮೇಲೆ ಹರವಿದೆ. ಎಮೆಟ್ ಬಂದು ನೋಡಿ ಟೋಪಿ ತೆಗೆದ, ಸಾವಿನ ಮನೆಗೆ ಬಂದವನ ಹಾಗೆ. ಹಾಕಿಕೋ ಮಾರಾಯ ಎಂದೆ.

ಡಿಸೆಂಬರಿನ ಆ ಅಚ್ಚು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಮರ ನೀರು ಕುಡಿದರೆ ನಡು ತಗ್ಗುತ್ತದೆ, ಅದು ಯಾವ ಚಮಚದ ತಪ್ಪೂ ಅಲ್ಲ. ನೀನಾಗಿ ಹೇಳಲಿ ಎಂದು ಕಾದೆ. ನೇರವಾಗಿ ಕೇಳಬೇಕಾಗಿತ್ತು. ಫೋನ್ ಮಾಡಬೇಕಾಗಿತ್ತು. ಕತೆ ಹೇಳಿದೆ. ಅದು ನನ್ನ ತಪ್ಪು. ನೀರು ಮುಟ್ಟಿಸಬೇಡ ಎಂದು ಪೆಟ್ಟಿಗೆ ಕೊಡುವಾಗ ಹೇಳದಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಮೂವತ್ತೊಂದು ವರ್ಷ ನಾನಿದ್ದ ಜಾಗದಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.

ಡೊರೀನ್‌ಳನ್ನು ತೆಗೆಯಲಿಲ್ಲ. ಅವಳೇ ಬರುವುದನ್ನು ಬಿಟ್ಟಳು. ಮೇಸ್ತ್ರಿ ಮನೆಗೆ ಹೋಗಿ ಕರೆದ, ನಾನು ಹೋಗಿ ಕರೆದೆ. ಬಾಗಿಲು ತೆಗೆಯಲಿಲ್ಲ.

ಬಾಗಿದ್ದನ್ನು ಅಗಸೆ ಎಣ್ಣೆ ಸವರಿ ಭಾರ ಹೇರಿಟ್ಟಿದ್ದೇನೆ, ನೇರವಾಗಬಹುದು. ಸೀಳಿದ ಏಳು ಹೋದವು. ಅವುಗಳಲ್ಲಿ ಎಂ, ಪಿ, ಯು, ಎರಡು ಎಸ್. ಅವಿಲ್ಲದೆ ಮಾಸೊಪುಸ್ತ್ ಎಂದು ಬರೆಯಲಾಗುವುದಿಲ್ಲ. ಬೇರೆ ಅಕ್ಷರ ಬೆರೆಸಿ ಮಾಡು ಎಂದ ಎಮೆಟ್. ನಾನು ಮಾಡುವುದಿಲ್ಲ.

ಕಾರ್ಖಾನೆಯವರು ಹಳೆಯ ಪ್ಯಾಂಟೋಗ್ರಾಫನ್ನು ಶುಕ್ರವಾರ ಇಪ್ಪತ್ತೊಂಬತ್ತಕ್ಕೆ ಗುಜರಿಗೆ ಕೊಡುತ್ತಿದ್ದಾರೆ. ಮಧ್ಯಾಹ್ನ ಲಾರಿ ಬರುತ್ತದಂತೆ. ಅಲ್ಲಿಯವರೆಗೆ ಓಡಿಸಿಕೋ ಎಂದು ಎಮೆಟ್‌ಗೆ ಬೀಗದ ಕೈ ಕೊಟ್ಟಿದ್ದಾರೆ, ಮುದುಕ ವಿದಾಯ ಹೇಳಲಿ ಎಂದು. ಮರದ ಬಿಲ್ಲೆಗಳೂ ಒಂದು ಮೂಟೆ ಇವೆಯಂತೆ. ಆದರೆ ಇನ್ನೂರ ಹದಿನೇಳರ ಮಾದರಿಗಳನ್ನು ಎಂಟು ವರ್ಷದ ಹಿಂದೆಯೇ ಒಲೆಗೆ ಹಾಕಿ ಸುಟ್ಟರು. ಮಾದರಿಯಿಲ್ಲದೆ ಯಂತ್ರ ಏನನ್ನು ಸವರೀತು?

ಹಾಗಾಗಿ ಇದು ಮುಗಿಯಿತು. ಸಮಿತಿಗೆ ಒಂದನೇ ತಾರೀಖು ಹೇಳುತ್ತೇನೆ. ನೀನು ಅಳುತ್ತ ಕೂರಬೇಡ. ಫೋನ್ ಮಾಡಬೇಡ. ನನಗೂ ಸ್ವಲ್ಪ ದಿನ ಬರೆಯಲಾಗುವುದಿಲ್ಲ.

ವ್ಲಾಸ್ತಾ


ಮಿಲ್ವಾಕಿ
ಜನವರಿ ೨೮, ೧೯೯೩, ಗುರುವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ತೇತಾ,

ಈ ಪತ್ರವನ್ನು ನಿಮ್ಮ ಕೈಗೆ ಕೊಡುತ್ತಿರುವವರು ಎಮೆಟ್. ಅವರ ಕೈಯಲ್ಲಿ ಹಗ್ಗ ಕಟ್ಟಿದ ಒಂದು ಚಪ್ಪಟೆ ಕಟ್ಟೂ ಇರುತ್ತದೆ. ಅದರಲ್ಲಿ ಆರು ಮಾದರಿಗಳಿವೆ, ಎಸ್ ಎರಡಕ್ಕೂ ಒಂದೇ.

ಮಂಗಳವಾರ ನಿಮ್ಮ ಪತ್ರ ಓದಿದೆ. ನೀವು ಬೇಡವೆಂದರೂ ಅತ್ತುಬಿಟ್ಟೆ. ಆಮೇಲೆ ಆ ಒಂದು ಸಾಲಿಗೆ ಮತ್ತೆ ಬಂದೆ, ಮಾದರಿಯಿಲ್ಲದೆ ಯಂತ್ರ ಏನನ್ನು ಸವರೀತು ಎಂಬುದಕ್ಕೆ. ತೇತಾ, ನನ್ನ ಹತ್ತಿರ ಇರುವುದು ಅದೇ ಅಲ್ಲವೇ? ನೀರು ಬೀಳುವ ಮೊದಲು, ನಿಮ್ಮ ಅಕ್ಷರಗಳು ನೀವು ಕೊಟ್ಟ ಹಾಗೇ ಇದ್ದಾಗ, ಒಂದೊಂದರ ಅಂಚನ್ನೂ ತೆಗೆದದ್ದು.

ಮೊದಲು ನಿಮಗೆ ಫೋನ್ ಮಾಡಿದೆ, ಹನ್ನೊಂದು ಸಲ. ನೀವು ಎತ್ತಲಿಲ್ಲ. ದೂರವಾಣಿ ಪುಸ್ತಕದಲ್ಲಿ ಹುಡುಕಿ ಎಮೆಟ್‌ಗೆ ಮಾಡಿದೆ.

"ಅವಳು ಫೋನಿನ ಮೇಲೆ ದಿಂಬು ಇಟ್ಟಿದಾಳೆ" ಎಂದರು. "ನಾನೇ ಬಾಗಿಲು ಬಡಿದು ಒಳಗೆ ಹೋಗ್ಬೇಕು. ನೀನಾ, ಅಕ್ಷರಕ್ಕೆ ಸ್ನಾನ ಮಾಡಿಸಿದೋಳು?"

ಹೌದು ಎಂದೆ.

"ಪರವಾಗಿಲ್ಲ. ನಾನು ಮೊದಲನೇ ವರ್ಷ ಒಂದು ಪೂರ್ತಿ ಸೆಟ್ಟು ತಲೆಕೆಳಗಾಗಿ ಕೊರೆದಿದ್ದೆ. ಅದನ್ನ ಅವಳು ಇವತ್ತಿಗೂ ಊಟಕ್ಕೆ ಕೂತಾಗ ಹೇಳ್ತಾಳೆ."

ಮಾದರಿ ಎಷ್ಟು ದೊಡ್ಡದಿರಬೇಕು, ಅಂಚು ಎಷ್ಟು ಎತ್ತರವಿರಬೇಕು, ಎಲ್ಲ ಕೇಳಿ ಬರೆದುಕೊಂಡೆ. ಮಂಗಳವಾರ ಚಿತ್ರಗಳನ್ನು ಅಂಗಡಿಯಲ್ಲಿ ದೊಡ್ಡದು ಮಾಡಿಸಿದೆ. ಡ್ವೇನ್ ಎರಡು ದಿನ ಕೆಲಸಕ್ಕೆ ರಜೆ ಹಾಕಿದ. ಅವನು ತೆಳು ಹಲಗೆಯಲ್ಲಿ ಗರಗಸದಿಂದ ಕತ್ತರಿಸುವುದು, ನಾನು ಕಾಗದದ ಗೆರೆಯವರೆಗೆ ಅರದಿಂದ ಉಜ್ಜುವುದು. ಲೀವ್ ಅಡುಗೆಮನೆಯ ನೆಲದಲ್ಲಿ ಮರದ ಪುಡಿಯ ನಡುವೆ ಕೂತಿದ್ದಳು, ನಾನು ನೋಡಿದೆ, ಎತ್ತಿಕೊಳ್ಳಲಿಲ್ಲ. ಡ್ವೇನ್ "ಹುಷಾರಾಗಿದೀಯಾ?" ಎಂದು ನನ್ನನ್ನು ಕೇಳಿದ.

ನಿನ್ನೆ ಸಂಜೆ ಮಾದರಿ ಆಗುತ್ತವೆ ಎಂದು ಹೇಳಲು ಎಮೆಟ್‌ಗೆ ಮತ್ತೆ ಮಾಡಿದೆ.

"ಕೊರೆಯೋದು ಏಳು ಗಂಟೆಗೆ ಶುರು ಮಾಡಿದ್ರೆ ಹನ್ನೆರಡಕ್ಕೆ ಮುಗಿಸ್ತೀನಿ. ಆದ್ರೆ ವ್ಲಾಸ್ತಾ ಮೂಲೆ ತೆಗೀತೀನಿ ಅನ್ನದೆ ನಾನು ಸ್ವಿಚ್ ಒತ್ತಲ್ಲ. ಗುಂಡು ಮೂಲೆಯ ಎಂ ಹಿಡ್ಕೊಂಡು ಅವ್ಳ ಮುಂದೆ ನಿಲ್ಲೋ ಧೈರ್ಯ ನನಗಿಲ್ಲ. ಅದು ಇನ್ನೂರ ಹದಿನೇಳೂ ಅಲ್ಲ."

"ತೆಗೀತಾರೆ. ಕೇಳಿದ್ರೆ ತೆಗೀತಾರೆ" ಎಂದೆ.

"ಅವಳ ಕೈ ವಿಷಯ ನಿನಗೆ ಹೇಳಿಲ್ವಾ?"

"ಏನಾಗಿದೆ ಕೈಗೆ?"

"ಬಲಗೈ. ಕ್ರಿಸ್‌ಮಸ್‌ಗೆ ಮುಂಚಿನಿಂದ ನಡುಗ್ತಿದೆ. ಕಾಫಿ ಕಪ್ಪನ್ನ ಎರಡು ಕೈಲಿ ಹಿಡೀತಾಳೆ. ಟೈಪ್ ಮಾಡೋದೂ ಎಡಗೈನ ಒಂದೇ ಬೆರಳಲ್ಲಿ, ಒಂದು ಕಾಗದಕ್ಕೆ ಒಂದು ಮಧ್ಯಾಹ್ನ. ಯಾರಿಗೂ ಹೇಳ್ಬೇಡ ಅಂದಿದಾಳೆ. ನೀನು ಯಾರೋ ಅಲ್ವಲ್ಲ, ಅದಕ್ಕೆ ಹೇಳ್ದೆ."

ನಾನು ಆ ಟೈಪಿನ ಸಾಲುಗಳನ್ನು ಕೋಪವೆಂದು ಓದಿದೆ, ತೇತಾ. ಜನವರಿ ಹನ್ನೊಂದರಿಂದ ಹಾಗೇ ಓದುತ್ತಿದ್ದೆ. ನಿನ್ನೆ ರಾತ್ರಿ ಆ ಕೊನೆಯ ಪತ್ರವನ್ನು ತೆಗೆದು, ಒಂದೇ ಬೆರಳಿನಲ್ಲಿ ಒತ್ತಿದ್ದು ಎಂದು ಮತ್ತೆ ಓದಿದೆ. ಅಷ್ಟುದ್ದದ ಪತ್ರ. ನನ್ನ ತಪ್ಪಿಗೆ ಸಮಾಧಾನ ಹೇಳಲು ಬರೆದದ್ದು.

ನಿಮ್ಮ ಮೇಲೆ ನನಗೂ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ನಾನು ನೀರಿನ ಮಾತು ಬಚ್ಚಿಟ್ಟೆ, ನೀವು ಕೈಯ ಮಾತು ಬಚ್ಚಿಟ್ಟಿರಿ. ಮಾದರಿ ಸುಟ್ಟರು, ಮುಗಿಯಿತು ಎಂದು ಬರೆದಿರಿ. ಮಾದರಿ ನನ್ನ ಹತ್ತಿರ ಇರಬಹುದೆಂದು ನಿಮಗೆ ಹೊಳೆಯಲಿಲ್ಲವೇ? ಅಚ್ಚು ನೋಡಿ ನೀರು ಕುಡಿದದ್ದನ್ನು ಹೇಳಿದವರಿಗೆ? ಹೊಳೆದಿತ್ತು. ಮಾದರಿ ಸಿಕ್ಕರೆ ಎಮೆಟ್ ಕೊರೆಯುತ್ತಾರೆ, ಕೊರೆದರೆ ಚಾಕು ನಿಮ್ಮ ಮುಂದೆ ಬರುತ್ತದೆ, ಆಗ ಸಮಿತಿಯ ಗಂಡಸರೆಲ್ಲ ನಿಮ್ಮ ಕೈ ನೋಡುತ್ತಾರೆ. ಅದಕ್ಕೇ ಮುಗಿಯಿತು ಎಂದಿರಿ. ತಪ್ಪಾಗಿ ಊಹಿಸಿದ್ದರೆ ಬೈಯಿರಿ.

ನಾನು ಕೇಳುವುದು ಇಷ್ಟೇ. ಚಾಕು ನನ್ನ ಕೈಯಲ್ಲಿರಲಿ, ಕಣ್ಣು ನಿಮ್ಮದಿರಲಿ. ಪಕ್ಕದಲ್ಲಿ ಕೂತು ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಹೇಳಿ. ಏಳು ಅಕ್ಷರ, ಒಂದೊಂದು ಪಾದಕ್ಕೆ ಆರು ಮೂಲೆ. ಮೊದಲ ಎರಡು ಕೆಡಿಸುತ್ತೇನೆ, ಗೊತ್ತು. ಎಮೆಟ್ ಎಸ್ ಅನ್ನು ಎರಡರ ಬದಲು ನಾಲ್ಕು ಕೊರೆಯಲಿ, ಮೂಟೆ ತುಂಬ ಬಿಲ್ಲೆ ಇದೆಯಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಬೇಡವೆಂದರೆ ನಿಮ್ಮ ಅಡುಗೆಮನೆಯಲ್ಲೇ ಕೂರೋಣ, ಬಾಗಿಲು ಹಾಕಿಕೊಂಡು. ಮೂರು ದಿನ ನಮಗಿದೆ. ಲೀವ್‌ಳನ್ನು ಡ್ವೇನ್ ನೋಡಿಕೊಳ್ಳುತ್ತಾನೆ. ಅವಳು ಹುಟ್ಟಿದ ಮೇಲೆ ಒಂದು ರಾತ್ರಿಯೂ ನಾನು ಅವಳನ್ನು ಬಿಟ್ಟಿಲ್ಲ. ಆದರೂ ಬರುತ್ತೇನೆ.

ಈ ಪತ್ರವನ್ನೂ ಕಟ್ಟನ್ನೂ ಪಾರ್ಸೆಲ್ಲಾಗಿ ತರುವ ಬಸ್ಸು ರಾತ್ರಿ ಎಂಟಕ್ಕೆ ನಿಮ್ಮೂರಿನ ಪೆಟ್ರೋಲ್ ಬಂಕಿಗೆ ತಲುಪುತ್ತದೆ. ಎಮೆಟ್ ಅಲ್ಲೇ ಕಾಯುತ್ತಾರೆ, ಎಂಟೂವರೆಗೆ ಇದು ನಿಮ್ಮ ಕೈಯಲ್ಲಿರುತ್ತದೆ. ಇಲ್ಲಿಂದ ಮೊದಲ ಬಸ್ಸು ಬೆಳಿಗ್ಗೆ ಐದಕ್ಕೆ, ಏಳಕ್ಕೆ ಅಲ್ಲಿ. ಎಮೆಟ್ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ನಿಮ್ಮ ಒಂದು ಮಾತಿಗೆ ಕೂತಿದ್ದಾರೆ. ಮಧ್ಯಾಹ್ನವಾದರೆ ಲಾರಿ ಬರುತ್ತದೆ, ಆಮೇಲೆ ನೀವು ಹೂಂ ಎಂದರೂ ಕೊರೆಯುವುದಕ್ಕೆ ಏನೂ ಇರುವುದಿಲ್ಲ.

ದಿಂಬು ತೆಗೆಯಿರಿ, ತೇತಾ. ಬೇಡವೆನ್ನುವುದಿದ್ದರೆ ಅದನ್ನೂ ಫೋನಿನಲ್ಲೇ ಹೇಳಿ, ಟೈಪ್ ಮಾಡಲು ಹೋಗಬೇಡಿ. ಹನ್ನೆರಡಾದರೂ ಸರಿ, ಮೂರಾದರೂ ಸರಿ, ನಾನು ಎದ್ದೇ ಇರುತ್ತೇನೆ, ಚೀಲ ಬಾಗಿಲ ಹತ್ತಿರ ಇಟ್ಟಾಗಿದೆ. ಮಾತು ಬರದಿದ್ದರೆ ಸುಮ್ಮನೆ ಬಾ ಎನ್ನಿ, ಸಾಕು. ಬೆಳಗಾಗುವ ಮುಂಚೆ ಒಂದು ಸಲ ಫೋನ್ ಮಾಡಿ. ದಯವಿಟ್ಟು ಮಾಡಿ.

ನಿಮ್ಮ
ಮಾರೆನ್